ಫಾರ್ಮಸಿಗೆ ಕೆಲಸದವರನ್ನ ತಗೊಳ್ಳೋದು: ಒಂದು ಅಂಗಡಿಯಲ್ಲಿ ನಡೆದಿದ್ದು

ಇದು ಮಧ್ಯಮ ಸೈಜಿನ ಒಂದು ಫಾರ್ಮಸಿ. ಇಬ್ಬರು ಫಾರ್ಮಸಿಸ್ಟ್, ಅದರಲ್ಲಿ ಒಬ್ರು ಓನರ್ ಮೇಡಂ, ಇನ್ನೊಬ್ರು ಅವರ ಹತ್ರ ಬಹಳ ವರ್ಷದಿಂದ ಇರೋ ಸೀನಿಯರ್. ಜೊತೆಗೆ ಮೂರು ಜನ ಅಸಿಸ್ಟೆಂಟ್ಸ್. ಆ ಮೂರರಲ್ಲಿ ಇಬ್ಬರು ಹೆಚ್ಚುಕಡಿಮೆ ಒಟ್ಟಿಗೇ ಕೆಲಸ ಬಿಟ್ರು. ಮೇಡಂ ನನ್ನ ಹತ್ರ ಕೇಳಿದ್ದು ತುಂಬ ಸಿಂಪಲ್ ಆಗಿತ್ತು, "ಔಷಧಿ ಹೆಸರು ಗೊತ್ತಿರೋ ಇಬ್ಬರು ಬೇಕು, ಆದಷ್ಟು ಬೇಗ, ನಾಳೆ ಬಂದ್ರೂ ಸರಿ" ಅಂತ. ನಾನು ಈ ತರ ಅಂಗಡಿಗಳ ಸ್ಟಾಕು, ಶಿಫ್ಟು, ಸ್ಟಾಫು ಇದೆಲ್ಲ ನೋಡ್ಕೊಳ್ಳೋ ಕೆಲಸ ಮಾಡ್ತೀನಿ, ಹಾಗಾಗಿ ಶುರುವಿಂದ ಕೊನೆವರೆಗೂ ಜೊತೆಗಿದ್ದೆ. ಏನೇನಾಯ್ತು, ಯಾಕೆ ಹಾಗೆ ನಿರ್ಧಾರ ಮಾಡಿದ್ವಿ ಅಂತ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ಇದೇ ಪರಿಸ್ಥಿತೀಲಿ ಇರೋ ಅಂಗಡಿಯವರು ತುಂಬ ಜನ ಇದ್ದಾರೆ, ಮತ್ತೆ ಅವರೆಲ್ಲ "ಅನುಭವ ಇರೋರು ಬೇಕು" ಅನ್ನೋ ಒಂದೇ ಸಾಲಲ್ಲಿ ಹುಡುಕೋಕೆ ಹೊರಡ್ತಾರೆ.

ಜಾಹೀರಾತು ಹಾಕೋಕೆ ಮುಂಚೆ ಕೌಂಟರ್ ನೋಡೋಣ ಅಂದೆ. ಮೇಡಂಗೆ ಅದು ಟೈಮ್ ವೇಸ್ಟ್ ಅನಿಸ್ತು, ಆದ್ರೂ ಒಪ್ಪಿದ್ರು. ಸಂಜೆ ಕ್ಲಿನಿಕ್‌ಗಳು ಬಿಡೋ ಹೊತ್ತಲ್ಲಿ ನಿಂತು ನೋಡಿದಾಗ ಕಂಡಿದ್ದು ಇದು. ಚೀಟಿ ಓದಿ, ಡೋಸ್ ನೋಡಿ, ತೆಗೆದಿಟ್ಟಿರೋ ಸ್ಟ್ರಿಪ್ ಸರಿ ಇದ್ಯಾ ಅಂತ ಚೆಕ್ ಮಾಡಬೇಕಾದ ಫಾರ್ಮಸಿಸ್ಟೇ ಫೋನ್ ಎತ್ತುತಿದ್ರು, ಪ್ರಿಂಟರ್‌ಗೆ ರೋಲ್ ಹಾಕ್ತಿದ್ರು, ಸಪ್ಲೈಯರ್ ಹುಡುಗ ತಂದ ಬಾಕ್ಸ್‌ಗೆ ಸೈನ್ ಹಾಕ್ತಿದ್ರು, ಚಿಲ್ಲರೆ ಹುಡುಕ್ತಿದ್ರು, ಅದರ ಮಧ್ಯೆ ಒಂದು ಕಣ್ಣು ಹಾಯಿಸಿ ಕವರ್ ಕೊಟ್ಟು ಕಳಿಸ್ತಿದ್ರು. ಅಂದ್ರೆ ಅಂಗಡೀಲಿ ಬೇರೆ ಯಾರೂ ಮಾಡೋ ಹಾಗಿಲ್ಲದ ಒಂದೇ ಒಂದು ಕೆಲಸ ಏನಿದ್ಯೋ ಅದಕ್ಕೇ ಎಲ್ಲಕ್ಕಿಂತ ಕಡಿಮೆ ಟೈಮ್ ಸಿಗ್ತಿತ್ತು.

ಮಧ್ಯೆ ಮಧ್ಯೆ ಕರೆಯೋದು ಅಷ್ಟೇನು ದೊಡ್ಡ ವಿಷಯ ಅಂತ ಅನಿಸಬಹುದು. ಆದ್ರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಎರಡು ಆಸ್ಪತ್ರೆಗಳ ನರ್ಸ್‌ಗಳು ಔಷಧಿ ಕೊಡೋದನ್ನ ಪಕ್ಕದಲ್ಲೇ ನಿಂತು ನೋಡಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಬಂತು, ಅದರಲ್ಲಿ ಒಂದೊಂದು ಅಡಚಣೆಗೂ ತಪ್ಪುಗಳು ಸುಮಾರು 12% ಜಾಸ್ತಿ ಆಗೋದು ಕಂಡುಬಂದಿತ್ತು. ಫಾರ್ಮಸಿ ಕೌಂಟರ್ ಆಸ್ಪತ್ರೆ ವಾರ್ಡ್ ಅಲ್ಲ, ಸರಿ, ಆದ್ರೆ ಔಷಧಿ ಕೈಯಲ್ಲಿ ಹಿಡ್ಕೊಂಡಿರೋ ಮನುಷ್ಯನ ಗಮನ ಎರಡೂ ಕಡೆ ಒಂದೇ ತರ ಚೆದುರುತ್ತೆ.

ನಾವು ನೋಡ್ತಿದ್ದಾಗಲೇ ಒಂದು ಘಟನೆ ಆಯ್ತು. ಚೀಟೀಲಿ ಇದ್ದಿದ್ದು ಮೆಟ್‌ಫಾರ್ಮಿನ್ 500, ಉಳಿದಿದ್ದ ಅಸಿಸ್ಟೆಂಟ್ ಹುಡುಗ ತೆಗೆದಿದ್ದು ಮೆಟ್ರೊನಿಡಜೋಲ್ ಸ್ಟ್ರಿಪ್. ಒಂದು ಸಕ್ಕರೆ ಕಾಯಿಲೆದು, ಇನ್ನೊಂದು ಸೋಂಕಿಗೆ ಕೊಡೋದು. ಹೆಸರು ಶುರುವಾಗೋದು ಒಂದೇ ತರ, 500ರ ಪವರ್ ಎರಡರಲ್ಲೂ ಬರುತ್ತೆ, ರ‍್ಯಾಕಲ್ಲಿ ಅಕ್ಷರ ಪ್ರಕಾರ ಜೋಡಿಸಿದ್ರಿಂದ ಪಕ್ಕಪಕ್ಕದಲ್ಲೇ ಇದ್ವು. ಸೀನಿಯರ್ ಕೊನೇ ಕ್ಷಣದಲ್ಲಿ ನೋಡಿ ಹಿಡಿದ್ರು. ಆ ಹುಡುಗ ಬೇಜವಾಬ್ದಾರಿ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ಇದು ಪ್ರಪಂಚದಾದ್ಯಂತ ಗೊತ್ತಿರೋ ಜೋಡಿ. ಹೆಸರಿನ ಗೊಂದಲ ಎಷ್ಟು ಗಂಭೀರ ಅಂದ್ರೆ ಅಮೆರಿಕಾದಲ್ಲಿ ಆಸಿಡಿಟಿಯ ಲೋಸೆಕ್ ಅನ್ನೋ ಔಷಧಿ, ಮೂತ್ರ ಜಾಸ್ತಿ ಹೋಗೋಕೆ ಕೊಡೋ ಲ್ಯಾಸಿಕ್ಸ್ ಜೊತೆ ಅದಲುಬದಲಾಗಿ 1990ರಲ್ಲಿ ಅದರ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಿದ್ರು, ಆಮೇಲೆ ಆ ಹೊಸ ಹೆಸರು ಖಿನ್ನತೆಗೆ ಕೊಡೋ ಪ್ರೊಜಾಕ್ ಜೊತೆ ಗೊಂದಲ ಆಗೋಕೆ ಶುರುವಾಯ್ತು. ಇಂಥ ಕಡೆ ಎಷ್ಟೇ ಚುರುಕಿನ ಕೆಲಸದವರನ್ನ ತಂದ್ರೂ ರ‍್ಯಾಕ್ ಬದಲಾಗದಿದ್ರೆ ತಪ್ಪು ನಡೀತಾನೇ ಇರುತ್ತೆ. ಅದಕ್ಕೆ ಮೊದಲ ಕೆಲಸ ಅಂತ ಇಂಥ ಜೋಡಿಗಳನ್ನ ಬೇರೆ ಬೇರೆ ಶೆಲ್ಫಿಗೆ ಹಾಕಿಸಿದ್ವಿ, ಕೆಲವು ಔಷಧಿಗಳ ಡಬ್ಬಿ ಮೇಲೆ "ಫಾರ್ಮಸಿಸ್ಟ್ ನೋಡದೆ ಬಿಲ್ ಮಾಡಬೇಡಿ" ಅಂತ ಕೆಂಪು ಸ್ಟಿಕರ್ ಅಂಟಿಸಿದ್ವಿ. ಈ ಸ್ಟಿಕರ್ ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳ್ತೀನಿ.

ಬಿಟ್ಟು ಹೋದವರು ಯಾಕೆ ಹೋದ್ರು?

ಮೇಡಂ ಪ್ರಕಾರ ಸಂಬಳ. ಎಲ್ಲ ಓನರ್‌ಗಳೂ ಮೊದಲು ಹೇಳೋದು ಅದೇ. ಇಬ್ಬರಿಗೂ ಫೋನ್ ಮಾಡಿ ಮಾತಾಡಿದೆ, ವಾಪಸ್ ಬನ್ನಿ ಅನ್ನೋಕೆ ಅಲ್ಲ, ಏನಾಯ್ತು ಅಂತ ತಿಳ್ಕೊಳ್ಳೋಕೆ. ಒಬ್ರು ಹೇಳಿದ್ದು, ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಹೋಗ್ತೀನಿ ಅಂತ ಯಾವತ್ತೂ ಗೊತ್ತಿರ್ತಿರ್ಲಿಲ್ಲ, ಶಟರ್ ಎಳೆಯೋ ಹೊತ್ತಿಗೆ ಕಸ್ಟಮರ್ ಬಂದ್ರೆ ಇನ್ನೊಂದರ್ಧ ಗಂಟೆ, ಆ ಅರ್ಧ ಗಂಟೆಗೆ ಲೆಕ್ಕ ಇಲ್ಲ. ಇನ್ನೊಬ್ಬರ ಮಾತು ನನಗೆ ಜಾಸ್ತಿ ಮುಖ್ಯ ಅನಿಸ್ತು. ಚೀಟಿ ಇಲ್ಲದೆ ಔಷಧಿ ಕೊಡಲ್ಲ ಅಂದಿದ್ದಕ್ಕೆ ಒಬ್ಬ ಗಿರಾಕಿ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದಾಗ, ಗಿರಾಕಿ ಹೋಗಿಬಿಡ್ತಾರೆ ಅಂತ ಫಾರ್ಮಸಿಸ್ಟೇ ಒಳಗಿಂದ ಬಂದು ಆ ಔಷಧಿನ ಕೊಟ್ಟು ಕಳಿಸಿದ್ರಂತೆ. "ನಿಯಮ ಹೇಳಿದ್ದಕ್ಕೆ ನಾನೇ ತಪ್ಪಿತಸ್ಥ ಆದ ಹಾಗಾಯ್ತು, ಅವತ್ತಿಂದ ಆ ಕೌಂಟರಲ್ಲಿ ನಿಲ್ಲೋ ಮನಸ್ಸೇ ಬರ್ಲಿಲ್ಲ" ಅಂದ್ರು. ಇದನ್ನ ಮೇಡಂ ಮುಂದೆ ಹೇಳಿದಾಗ ಸ್ವಲ್ಪ ಹೊತ್ತು ಅವರು ಏನೂ ಮಾತಾಡ್ಲಿಲ್ಲ, ಆಮೇಲೆ ಅದು ಸೀನಿಯರ್ ಇದ್ದ ಶಿಫ್ಟು, ತಮಗೆ ಗೊತ್ತಿರ್ಲಿಲ್ಲ ಅಂದ್ರು. ಸಂಬಳವೂ ಒಂದು ಕಾರಣ, ಇಲ್ಲ ಅಂತಲ್ಲ, ಆದ್ರೆ ಇಬ್ಬರ ಮಾತಲ್ಲೂ ಅದು ಕೊನೆಗೆ ಬಂತು.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ, ಈ ಎರಡು ವಿಷಯ ಸರಿ ಮಾಡದೆ ಹೊಸಬರನ್ನ ತಂದಿದ್ರೆ ಅವರೂ ಅದೇ ಬಾಗಿಲಿಂದ ಹೊರಗೆ ಹೋಗ್ತಿದ್ರು. ಮುಚ್ಚೋ ಟೈಮಿಗೆ ಒಂದು ಗಟ್ಟಿ ನಿಯಮ, ಅದಾದ್ಮೇಲೆ ನಿಂತ್ರೆ ಅದಕ್ಕೆ ದುಡ್ಡು. ಚೀಟಿ ವಿಷಯದಲ್ಲಿ ಅಸಿಸ್ಟೆಂಟ್ ಕೊಡಲ್ಲ ಅಂದ್ಮೇಲೆ ಫಾರ್ಮಸಿಸ್ಟ್ ಬಂದು ಅದನ್ನೇ ಇನ್ನೊಂದ್ಸಲ ಹೇಳಬೇಕು, ಗಿರಾಕಿ ಯಾರೇ ಆಗಿರಲಿ. ಎರಡನೇದಕ್ಕೆ ಸೀನಿಯರ್ ಒಪ್ಪೋಕೆ ಟೈಮ್ ತಗೊಂಡ್ರು.

ಯಾರು ಏನು ಮಾಡಬಹುದು

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಅಸಿಸ್ಟೆಂಟ್ ಯಾವ ಕೆಲಸ ಮಾಡಬಹುದು ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ತರ ಇದೆ. ಬ್ರಿಟನ್‌ನಲ್ಲಿ ಫಾರ್ಮಸಿ ಟೆಕ್ನಿಷಿಯನ್ ಅಂತ ಹೇಳ್ಕೊಳ್ಳೋಕೇ 2011ರಿಂದ ರಿಜಿಸ್ಟರ್ ಆಗಿರಬೇಕು, ಅಮೆರಿಕಾದಲ್ಲಿ 1995ರಿಂದ ಟೆಕ್ನಿಷಿಯನ್‌ಗಳಿಗೆ ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಪರೀಕ್ಷೆ ಇದೆ, ಇನ್ನು ಎಷ್ಟೋ ಕಡೆ ಈ ತರದ ಹುದ್ದೆಯೇ ಕಾಗದದ ಮೇಲೆ ಇಲ್ಲ, ಕೌಂಟರ್ ಹಿಂದೆ ಇರೋರೆಲ್ಲ ಹೆಲ್ಪರ್ ಅಷ್ಟೇ. ಹಾಗಾಗಿ ಅವರವರ ಕಡೆ ಕಾನೂನು ಏನು ಹೇಳುತ್ತೆ ಅಂತ ಮೊದಲು ನೋಡ್ಕೊಂಡೇ ಕೆಲಸ ಹಂಚಬೇಕು.

ನಾವು ಒಂದು ಉದ್ದ ಹಾಳೆ ತಗೊಂಡು ಅಂಗಡೀಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆಯೋ ಪ್ರತಿ ಕೆಲಸ ಬರೆದ್ವಿ. ಬಂದ ಸ್ಟಾಕನ್ನ ಇನ್‌ವಾಯ್ಸ್ ಜೊತೆ ತಾಳೆ ನೋಡೋದು, ಬ್ಯಾಚ್ ನಂಬರು ಎಕ್ಸ್‌ಪೈರಿ ಎಂಟ್ರಿ ಮಾಡೋದು, ಮೊದಲು ಎಕ್ಸ್‌ಪೈರ್ ಆಗೋದನ್ನ ಮುಂದೆ ಇಡೋದು, ಫ್ರಿಜ್ ಟೆಂಪರೇಚರ್ ಬರೆಯೋದು, ಫೋನು, ಬಿಲ್ಲಿಂಗು, ಕ್ಯಾಶು, ಚೀಟಿ ಇಸ್ಕೊಂಡು ಹೆಸರು ವಯಸ್ಸು ಕೇಳೋದು, ರ‍್ಯಾಕಿಂದ ತೆಗೆದು ಟ್ರೇಗೆ ಹಾಕೋದು, ಇದೆಲ್ಲ ಕಲಿಸಿದ್ರೆ ಅಸಿಸ್ಟೆಂಟ್ ಮಾಡಬಹುದು. ಚೀಟಿ ಅರ್ಥ ಮಾಡ್ಕೊಳ್ಳೋದು, ಒಂದು ಕಂಪನಿದು ಇಲ್ಲ ಅಂತ ಇನ್ನೊಂದು ಕೊಡೋದು, ಡೋಸ್ ಹೇಳೋದು, "ಎದೆ ಉರಿ, ಏನಾದ್ರೂ ಕೊಡಿ" ಅಂದವರಿಗೆ ಉತ್ತರ ಕೊಡೋದು, ಗರ್ಭಿಣಿ ಇದನ್ನ ತಗೋಬಹುದಾ ಅನ್ನೋ ಪ್ರಶ್ನೆ, ನಿಯಂತ್ರಿತ ಔಷಧಿಗಳ ಬೀರು ಕೀಲಿ, ಮತ್ತೆ ಟ್ರೇಯಲ್ಲಿ ಇರೋದು ಚೀಟಿ ಜೊತೆ ಸರಿ ಇದ್ಯಾ ಅಂತ ಕೊನೇ ಸಲ ನೋಡೋದು, ಇದಿಷ್ಟು ಫಾರ್ಮಸಿಸ್ಟ್ ಕೆಲಸ, ಅಂಗಡಿ ಎಷ್ಟೇ ರಶ್ ಇದ್ರೂ. ಹಾಳೆ ನೋಡಿ ಮೇಡಂಗೇ ಆಶ್ಚರ್ಯ ಆಯ್ತು, ಬೇಕಾಗಿರೋದ್ರಲ್ಲಿ ಹೆಚ್ಚಿನ ಪಾಲಿಗೆ ಔಷಧಿ ಹೆಸರು ಮೊದಲೇ ಗೊತ್ತಿರಬೇಕಾದ ಅಗತ್ಯವೇ ಇರ್ಲಿಲ್ಲ. ಗಮನ ಇಟ್ಟು ಓದೋ ಅಭ್ಯಾಸ ಬೇಕು, ಲೆಕ್ಕ ಬೇಕು, ಜನರ ಜೊತೆ ಮಾತು ಬೇಕು, ಗೊತ್ತಿಲ್ಲ ಅಂದಾಗ ನಿಲ್ಲೋ ಗುಣ ಬೇಕು.

ಇನ್ನೊಂದು ಕಂಡಿದ್ದು, ಇಬ್ಬರು ಫುಲ್‌ಟೈಮ್ ಬೇಕು ಅನ್ನೋದೇ ಸರಿ ಇರ್ಲಿಲ್ಲ. ಬೆಳಿಗ್ಗೆ ಸ್ಟಾಕ್ ಬರೋ ಹೊತ್ತು, ಸಂಜೆ ಕ್ಲಿನಿಕ್ ಬಿಡೋ ಹೊತ್ತು, ಈ ಎರಡರಲ್ಲೇ ಒತ್ತಡ. ಮಧ್ಯಾಹ್ನ ಇರೋ ಜನಾನೇ ಸಾಕು. ಒಬ್ಬರು ಫುಲ್‌ಟೈಮ್, ಬೆಳಿಗ್ಗೆಗೆ ಒಬ್ಬರು, ಸಂಜೆಗೆ ಒಬ್ಬರು ಪಾರ್ಟ್‌ಟೈಮ್, ಹೀಗೆ ಮಾಡಿದ್ರೆ ಖರ್ಚು ಹೆಚ್ಚುಕಡಿಮೆ ಅಷ್ಟೇ, ಬೇಕಾದಾಗ ಕೈ ಜಾಸ್ತಿ.

ಜಾಹೀರಾತು ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲಿನ ಡ್ರಾಫ್ಟಲ್ಲಿ "ಅನುಭವ ಕಡ್ಡಾಯ, ಸಂಬಳ ಮಾತುಕತೆಯಲ್ಲಿ" ಅಂತಿತ್ತು. ಎರಡೂ ತೆಗೆಸಿದೆ. ಶಿಫ್ಟ್ ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ, ನಿಂತೇ ಮಾಡೋ ಕೆಲಸ, ಬಾಕ್ಸ್ ಎತ್ತಬೇಕಾಗುತ್ತೆ, ಯಾವ ದಿನ ರಜ, ಸಂಬಳ ಇಷ್ಟು, ಔಷಧಿ ಬಗ್ಗೆ ನಾವೇ ಕಲಿಸ್ತೀವಿ ಅಂತ ಬರೆಸಿದೆ. ಬಂದ ಅರ್ಜಿ ಮೇಡಂ ಅಂದ್ಕೊಂಡಿದ್ದಕ್ಕಿಂತ ಕಡಿಮೆ, ಆದ್ರೆ ಬಂದವರೆಲ್ಲ ಶಿಫ್ಟ್ ಟೈಮು ಸಂಬಳ ಎರಡೂ ಓದ್ಕೊಂಡೇ ಬಂದಿದ್ರು, ಕೊನೇಲಿ "ರಾತ್ರಿ ಆಗಲ್ಲ" ಅನ್ನೋ ಮಾತು ಯಾರಿಂದಲೂ ಬರ್ಲಿಲ್ಲ.

ಆಯ್ಕೆ ಹೇಗೆ ಮಾಡಿದ್ವಿ

ಮೇಡಂ ಅಭ್ಯಾಸ ಏನಂದ್ರೆ ಕೂರಿಸಿ ಹದಿನೈದು ನಿಮಿಷ ಮಾತಾಡಿ "ಒಳ್ಳೆಯವರ ತರ ಕಾಣ್ತಾರೆ" ಅಂತ ತಗೊಳ್ಳೋದು. ತಪ್ಪು ಅಂತ ನಾನು ವಾದ ಮಾಡೋಕೆ ಹೋಗ್ಲಿಲ್ಲ, ಇರೋ ಸಂಶೋಧನೆ ತೋರಿಸಿದೆ. ಕೆಲಸಕ್ಕೆ ಆಯ್ಕೆ ಮಾಡೋ ವಿಧಾನಗಳಲ್ಲಿ ಯಾವುದು ಮುಂದಿನ ಕೆಲಸವನ್ನ ಎಷ್ಟು ಸರಿಯಾಗಿ ಹೇಳುತ್ತೆ ಅಂತ ಸ್ಮಿಟ್ ಮತ್ತು ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ರು, ಕೆಲಸದ ಸ್ಯಾಂಪಲ್ ಮಾಡಿಸಿ ನೋಡೋ ಟೆಸ್ಟಿಗೆ 0.54 ಬಂದಿತ್ತು (0 ಅಂದ್ರೆ ಏನೂ ಹೇಳಲ್ಲ, 1 ಅಂದ್ರೆ ಪೂರ್ತಿ ಸರಿಯಾಗಿ ಹೇಳುತ್ತೆ), ಎಷ್ಟು ವರ್ಷ ಅನುಭವ ಅನ್ನೋದಕ್ಕೆ ಬರೀ 0.18. ಆಮೇಲೆ 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಯವರು ಆ ಲೆಕ್ಕಗಳನ್ನ ಮತ್ತೆ ಕೂಲಂಕಷವಾಗಿ ನೋಡಿದಾಗ ಬಹಳಷ್ಟು ಅಂಕಿ ಕೆಳಗಿಳಿದ್ವು, ಎಲ್ಲರಿಗೂ ಒಂದೇ ಪ್ರಶ್ನೆ ಒಂದೇ ಕ್ರಮದಲ್ಲಿ ಕೇಳೋ ಇಂಟರ್ವ್ಯೂ 0.42 ಇಟ್ಕೊಂಡು ಮೇಲೆ ಬಂತು, ಸ್ಯಾಂಪಲ್ ಟೆಸ್ಟ್ 0.33ಕ್ಕೆ ಬಂತು, ವರ್ಷಗಳ ಅನುಭವ ಮಾತ್ರ ಎರಡೂ ಸಲ ತಳದಲ್ಲೇ ಉಳೀತು. ಅಂದ್ರೆ ಎರಡು ಮೂರು ವರ್ಷ ಎಲ್ಲೋ ನಿಂತಿದ್ರು ಅನ್ನೋದು ನಾವು ಅಂದ್ಕೊಳ್ಳೋಷ್ಟು ಏನೂ ಹೇಳಲ್ಲ. ಮೇಡಂ ಓದಿದವರು, ಅಂಕಿ ನೋಡಿ ಒಪ್ಪಿದ್ರು, ಮನಸ್ಸಲ್ಲಿ ಪೂರ್ತಿ ಅಲ್ಲ.

ಟೆಸ್ಟ್ ಹೀಗಿತ್ತು. ಖಾಲಿ ಡಬ್ಬಿ, ಖಾಲಿ ಸ್ಟ್ರಿಪ್ ಕವರ್‌ಗಳು ಒಂದು ಕ್ರೇಟ್ ತುಂಬ. ಅದರಲ್ಲಿ ಕೆಲವು ಎಕ್ಸ್‌ಪೈರ್ ಆಗಿರೋದು, ಒಂದೇ ಔಷಧಿಯ ಎರಡು ಬ್ಯಾಚು, ಒಂದೇ ತರ ಹೆಸರಿನ ಜೋಡಿಗಳು, ಒಂದೇ ಹೆಸರು ಬೇರೆ ಪವರ್, ಫ್ರಿಜ್‌ನಲ್ಲಿ ಇಡಬೇಕು ಅಂತ ಮೇಲೇ ಬರೆದಿರೋ ಒಂದು. ಒಂದು ಇನ್‌ವಾಯ್ಸ್, ಅದರಲ್ಲಿ ಎರಡು ಕಡೆ ಸಂಖ್ಯೆ ತಾಳೆ ಆಗಲ್ಲ. ಇದನ್ನ ಜೋಡಿಸಿ ಅಂತ ಹೇಳಿದ್ವಿ, ಸಂದೇಹ ಇದ್ರೆ ಯಾವಾಗ ಬೇಕಾದ್ರೂ ಕೇಳಿ ಅಂತಾನೂ ಹೇಳಿದ್ವಿ. ಆಮೇಲೆ ದೊಡ್ಡದಾಗಿ ಟೈಪ್ ಮಾಡಿದ ಒಂದು ಚೀಟಿ ಕೊಟ್ವಿ, ಅದರಲ್ಲಿ ಒಂದು ಔಷಧಿಯ ಪವರ್ ಬೇಕಂತಲೇ ಬಿಟ್ಟಿದ್ವಿ. ನಮಗೆ ನಿಜವಾಗಿ ನೋಡಬೇಕಿದ್ದಿದ್ದು ಅಲ್ಲಿ ಏನ್ಮಾಡ್ತಾರೆ ಅಂತ.

ಮೊದಲು ಬಂದವರು ಬೇರೆ ಮೆಡಿಕಲ್ ಸ್ಟೋರಲ್ಲಿ ಹಲವು ವರ್ಷ ಕೆಲಸ ಮಾಡಿದವರು. ಕೈ ಎಷ್ಟು ಚುರುಕು ಅಂದ್ರೆ ಕ್ರೇಟ್ ಖಾಲಿ ಆಗಿದ್ದೇ ಗೊತ್ತಾಗ್ಲಿಲ್ಲ, ಹೆಸರುಗಳೆಲ್ಲ ಬಾಯಲ್ಲೇ. ಎಕ್ಸ್‌ಪೈರ್ ಆಗಿದ್ದೂ ಬಹುಪಾಲು ಹಿಡಿದ್ರು. ಚೀಟಿ ಕೊಟ್ಟಾಗ ಪವರ್ ಇಲ್ಲದ ಕಡೆ ಒಂದು ಸೆಕೆಂಡೂ ನಿಲ್ಲದೆ ಒಂದು ಸ್ಟ್ರಿಪ್ ತೆಗೆದಿಟ್ರು. ಯಾಕೆ ಇದು ಅಂತ ಕೇಳಿದ್ದಕ್ಕೆ "ಎಲ್ರೂ ತಗೊಳ್ಳೋದು ಇದೇ ಸರ್, ಡಾಕ್ಟ್ರು ಬರೆಯೋಕೆ ಮರೆತಿರ್ತಾರೆ ಅಷ್ಟೇ" ಅಂದ್ರು. ಎಲ್ಲರಿಗೂ ಕೇಳಿದ ಪ್ರಶ್ನೆಗಳಲ್ಲಿ ಒಂದು, ಹಿಂದಿನ ಕೆಲಸದಲ್ಲಿ ನಿಮ್ಮಿಂದ ಆದ ಒಂದು ತಪ್ಪು ಹೇಳಿ, ಆಮೇಲೆ ಏನು ಮಾಡಿದ್ರಿ ಅಂತ. ಅವರಿಗೆ ಒಂದೂ ನೆನಪಾಗ್ಲಿಲ್ಲ.

ಎರಡನೇವ್ರು ಬಟ್ಟೆ ಅಂಗಡೀಲಿ ಸೇಲ್ಸ್ ಮಾಡ್ತಿದ್ದ ಹುಡುಗಿ, ಔಷಧಿ ಬಗ್ಗೆ ಏನೂ ಗೊತ್ತಿಲ್ಲ. ನಿಧಾನ, ನೋಡ್ತಾ ಕೂತ ಮೇಡಂಗೆ ಚಡಪಡಿಕೆ ಬರೋಷ್ಟು ನಿಧಾನ. ಆದ್ರೆ ಅವಳು ಮಾಡಿದ ಒಂದು ಕೆಲಸ ನಾವ್ಯಾರೂ ಹೇಳಿರ್ಲಿಲ್ಲ. ಪಕ್ಕದಲ್ಲಿ ಒಂದು ಖಾಲಿ ಮುಚ್ಚಳ ತಗೊಂಡು, ಅರ್ಥ ಆಗದ ಡಬ್ಬಿಗಳನ್ನೆಲ್ಲ ಅದರಲ್ಲಿ ಹಾಕ್ತಾ ಹೋದ್ಳು, ಕೊನೇಲಿ ಅದನ್ನ ತಂದು "ಇವು ನಂಗೆ ಗೊತ್ತಾಗ್ಲಿಲ್ಲ ಮೇಡಂ, ಈ ಎರಡು ಒಂದೇನಾ ಬೇರೆನಾ, ಹೆಸರಲ್ಲಿ ಮಧ್ಯ ಬೇರೆ ಇದೆ" ಅಂತ ಕೇಳಿದ್ಳು. ಚೀಟಿ ನೋಡಿ "ಇದರಲ್ಲಿ ಎಷ್ಟು ಅಂತ ಇಲ್ಲ, ಇಲ್ಲಿ ಎರಡು ತರ ಇದೆ, ಯಾವುದು?" ಅಂದ್ಳು. ಇನ್‌ವಾಯ್ಸಲ್ಲಿ ಎರಡು ತಪ್ಪಲ್ಲಿ ಒಂದನ್ನ ಬಿಟ್ಳು, ಅದನ್ನೂ ಹೇಳಬೇಕು.

ಮೂರನೇವ್ರು ಫಾರ್ಮಸಿ ಓದ್ತಿರೋ ವಿದ್ಯಾರ್ಥಿ, ಸಂಜೆ ಮಾತ್ರ ಬರಬಲ್ಲ, ಟೆಸ್ಟ್ ಚೆನ್ನಾಗಿ ಮಾಡಿದ, ಓದು ಮುಗಿದ್ರೆ ಹೋಗ್ತೀನಿ ಅಂತ ಅವನೇ ಹೇಳಿದ. ನಾಲ್ಕನೇವ್ರು ಮಕ್ಕಳನ್ನ ನೋಡ್ಕೊಳ್ಳೋಕೆ ಕೆಲಸ ಬಿಟ್ಟು ಕೆಲವು ವರ್ಷ ಮನೇಲಿದ್ದ ಒಬ್ಬರು ಹೆಂಗಸು, ಮೊದಲು ಡೇಟಾ ಎಂಟ್ರಿ ಮಾಡ್ತಿದ್ರು, ಬೆಳಿಗ್ಗೆ ಮಾತ್ರ ಸಾಧ್ಯ. ಇನ್‌ವಾಯ್ಸಿನ ಎರಡೂ ತಪ್ಪನ್ನ ಹಿಡಿದಿದ್ದು ಅವರೊಬ್ಬರೇ. ಐದನೇವ್ರು ಮೇಡಂ ಸಂಬಂಧಿಕರ ಕಡೆಯ ಹುಡುಗ, ಒಳ್ಳೆ ಹುಡುಗನೇ, ಆದ್ರೆ ಕ್ಯಾಶ್ ಕಡಿಮೆ ಬಂದ ದಿನ, ಅಥವಾ ಪಕ್ಕದ ಮನೆಯವರು ಯಾವ ಮಾತ್ರೆ ತಗೊಂಡ್ರು ಅಂತ ಮನೇಲಿ ಮಾತು ಬಂದ ದಿನ ಅವನನ್ನ ಗಟ್ಟಿಯಾಗಿ ಕೇಳೋಕೆ ನಿಮಗೆ ಆಗುತ್ತಾ ಅಂತ ಮೇಡಂನ ಕೇಳಿದೆ. ಅಲ್ಲಿಗೆ ಆ ಹೆಸರು ಅವರೇ ಬಿಟ್ರು.

ಜಗಳ ಆಗಿದ್ದು ಮೊದಲನೆಯವರ ವಿಷಯಕ್ಕೆ. ಸೀನಿಯರ್ ಅಂದ್ರು, "ನಾಳೆಯಿಂದ ಕೌಂಟರ್ ನಡೆಸೋ ಮನುಷ್ಯ ಎದುರಿಗೆ ನಿಂತಿದ್ದಾನೆ, ಅವನನ್ನ ಬಿಟ್ಟು ಎ ಬಿ ಸಿ ಇಂದ ಕಲಿಸಬೇಕಾದವಳನ್ನ ತಗೋತೀರಾ?" ಈ ಮಾತಲ್ಲಿ ನ್ಯಾಯ ಇತ್ತು, ರಶ್ಶಲ್ಲಿ ನಿಲ್ಲೋರು ಅವರೇ ತಾನೇ. ಆದ್ರೆ ನನ್ನ ಅಭಿಪ್ರಾಯ ಸ್ಪಷ್ಟ ಇತ್ತು. ಹೆಸರು ಕಲಿಸಬಹುದು, ಕೆಲವು ತಿಂಗಳಲ್ಲಿ ಬಂದುಬಿಡುತ್ತೆ. ಊಹೆ ಮಾಡಿ ಮುಂದೆ ಹೋಗೋ ಅಭ್ಯಾಸವನ್ನ, ಅದೂ ಇಷ್ಟು ವರ್ಷ ಏನೂ ಆಗದೆ ನಡ್ಕೊಂಡು ಬಂದಿದೆ ಅನ್ನೋ ಧೈರ್ಯದ ಜೊತೆ ಇರೋದನ್ನ, ಬಿಡಿಸೋದು ತುಂಬ ಕಷ್ಟ. ಮತ್ತೆ ಅವರ ಊಹೆ ಹೆಚ್ಚಿನ ಸಲ ಸರಿ ಇರುತ್ತೆ, ಅಪಾಯ ಇರೋದೇ ಅಲ್ಲಿ. ಹತ್ತಕ್ಕೆ ಒಂಬತ್ತು ಸಲ ಸರಿ ಬಂದ ಟ್ರೇಯನ್ನ ಚೆಕ್ ಮಾಡೋ ಫಾರ್ಮಸಿಸ್ಟ್ ಹತ್ತನೇದನ್ನ ನೋಡದೆ ದಾಟಿಸಿಬಿಡ್ತಾರೆ.

ಅವರನ್ನ ಹಿಂದೆ ಕೆಲಸಕ್ಕಿಟ್ಟಿದ್ದವರಿಗೆ ಅವರ ಒಪ್ಪಿಗೆ ತಗೊಂಡು ಫೋನ್ ಮಾಡಿದ್ವಿ. "ಹೇಗಿದ್ರು" ಅಂತ ಕೇಳಿದ್ರೆ ಎಲ್ಲರೂ ಚೆನ್ನಾಗಿದ್ರು ಅಂತಾರೆ, ಅದಕ್ಕೆ ಎರಡೇ ಪ್ರಶ್ನೆ: ಅವಕಾಶ ಸಿಕ್ರೆ ಮತ್ತೆ ತಗೋತೀರಾ, ಯಾವ ಕೆಲಸ ಅವರಿಗೆ ಕೊಡಲ್ಲ. ಉತ್ತರ ಬಂತು, ಮತ್ತೆ ತಗೋತೀವಿ, ಒಬ್ಬರನ್ನೇ ಬಿಡಲ್ಲ. ಮೇಡಂ ಅದಾದ್ಮೇಲೆ ಇನ್ನು ವಾದ ಮಾಡ್ಲಿಲ್ಲ.

ಕೊನೆಗೆ ಬಟ್ಟೆ ಅಂಗಡಿ ಹುಡುಗಿ ಫುಲ್‌ಟೈಮ್, ಡೇಟಾ ಎಂಟ್ರಿಯವರು ಬೆಳಿಗ್ಗೆ ಸ್ಟಾಕಿಗೆ, ವಿದ್ಯಾರ್ಥಿ ಸಂಜೆಗೆ. ಮೂವರಿಗೂ ಒಂದೊಂದು ಟ್ರಯಲ್ ಶಿಫ್ಟ್, ಅದಕ್ಕೆ ಸಂಬಳ ಕೊಟ್ಟು. ಬಿಟ್ಟಿ ಟ್ರಯಲ್ ಮಾಡಿಸೋದು ನನಗೆ ಸುತರಾಂ ಇಷ್ಟ ಇಲ್ಲ.

ಮೊದಲ ವಾರಗಳು

ಕಷ್ಟ ಆಯ್ತು, ಮುಚ್ಚಿಡೋಕೆ ಏನಿಲ್ಲ. ಸಂಜೆ ಕ್ಯೂ ಮೊದಲಿಗಿಂತ ಉದ್ದ ಆಯ್ತು, ಕೆಲವರು ಬೇರೆ ಅಂಗಡಿಗೆ ಹೋದ್ರು, ಸೀನಿಯರ್ ಮುಖ ದಪ್ಪ ಮಾಡ್ಕೊಂಡು ಓಡಾಡಿದ್ರು.

ಕಲಿಸೋ ಕ್ರಮ ಮಾತ್ರ ನಾವು ಬದಲಾಯಿಸಲಿಲ್ಲ. ಮೊದಲು ಸ್ಟಾಕು ಮತ್ತು ಫ್ರಿಜ್ಜು. ಇನ್ಸುಲಿನ್, ಲಸಿಕೆ ಇಂಥವು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಕನಿಷ್ಠ ಗರಿಷ್ಠ ಎರಡೂ ತೋರಿಸೋ ಥರ್ಮಾಮೀಟರ್ ನೋಡಿ ಬರೆದು ಸೈನ್ ಹಾಕಬೇಕು, ಹಿಂದಿನ ಗೋಡೆಗೆ ತಾಗಿಸಿ ಇಡಬಾರದು, ಯಾಕಂದ್ರೆ ಅಲ್ಲಿ ಹೆಪ್ಪುಗಟ್ಟೋ ಸಾಧ್ಯತೆ ಜಾಸ್ತಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ಮೇಲೆ ನೋಡೋಕೆ ಸರಿ ಇದ್ರೂ ಬಳಸೋ ಹಾಗಿಲ್ಲ. ಬಾಗಿಲಲ್ಲೂ ಬೇಡ, ತೆಗೆದು ಹಾಕ್ತಾ ಇದ್ರೆ ಅಲ್ಲಿ ಬಿಸಿ. ಯಾಕೆ ಅಂತ ಹೇಳಿ ಕೊಟ್ಟಿದ್ರಿಂದ ಅವರು ಮರೀಲಿಲ್ಲ, ಬರೀ "ಇಲ್ಲಿ ಇಡು" ಅಂದಿದ್ರೆ ರಶ್ಶಲ್ಲಿ ಎಲ್ಲಿ ಜಾಗ ಇದ್ಯೋ ಅಲ್ಲಿ ತುರುಕ್ತಿದ್ರು. ಆಮೇಲೆ ಬಿಲ್ಲಿಂಗು. ರ‍್ಯಾಕಿಂದ ತೆಗೆಯೋದು ಎಲ್ಲಕ್ಕಿಂತ ಕೊನೆಗೆ, ಸ್ಟಾಕ್ ಜೋಡಿಸ್ತಾ ಜೋಡಿಸ್ತಾ ಹೆಸರು ಕಣ್ಣಿಗೆ ಕೂತ್ಮೇಲೆ.

ಗುಟ್ಟು ಕಾಪಾಡೋದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಕೊಟ್ವಿ. ಔಷಧಿ ಹೆಸರು ಜೋರಾಗಿ ಕೂಗಿ ಒಳಗೆ ಕೇಳಬಾರದು, ಪರಿಚಯದವರು ಬಂದ್ರೆ "ಯಾರಿಗೆ ಇದು?" ಅಂತ ಕುತೂಹಲಕ್ಕೆ ಕೇಳಬಾರದು, ಮನಸ್ಸಿನ ಕಾಯಿಲೆದು, ಪ್ರೆಗ್ನೆನ್ಸಿ ಕಿಟ್ಟು, ಇಂಥದ್ದನ್ನ ಬೇರೆಲ್ಲದರ ತರಾನೇ ಮುಖಭಾವ ಬದಲಾಗದೆ ಕೊಡಬೇಕು. ಒಬ್ಬ ಮನುಷ್ಯ ಎಷ್ಟು ಹಿಂಜರಿದು ಕೌಂಟರ್ ಹತ್ರ ಬಂದಿರ್ತಾನೆ ಅಂತ ಈ ಕಡೆ ನಿಂತವರಿಗೆ ಗೊತ್ತಾಗಲ್ಲ, ಒಂದು ನಗು ಸಾಕು ಅವನು ಮತ್ತೆ ಬರದೇ ಇರೋಕೆ, ಔಷಧಿನೇ ನಿಲ್ಲಿಸೋಕೆ. ನಾನು ಇದರಲ್ಲಿ ಯಾವ ರಾಜಿನೂ ಮಾಡ್ಕೊಳ್ಳಲ್ಲ.

ಎಲ್ಲಕ್ಕಿಂತ ಕಷ್ಟದ ಭಾಗ ಹೊಸಬರದ್ದಲ್ಲ, ಹಳಬರದ್ದು. ಡೌಟ್ ಬಂದ್ರೆ ಕೇಳಿ ಅಂತ ಹೇಳಿ ತಗೊಂಡಿದ್ದೀವಿ, ಅವರು ಕೇಳ್ತಾರೆ, ದಿನಕ್ಕೆ ಎಷ್ಟೋ ಸಲ ಕೇಳ್ತಾರೆ, ಸೀನಿಯರ್‌ಗೆ ಸಿಟ್ಟು ಬರುತ್ತೆ. ಒಂದಿನ "ಇದೂ ಗೊತ್ತಾಗಲ್ವಾ" ಅಂತ ಗದರಿದ್ರು, ಆ ಸಂಜೆಯಿಂದ ಹುಡುಗಿ ಕೇಳೋದೇ ಕಡಿಮೆ ಮಾಡಿದ್ಳು. ಎರಡು ದಿನ ಯಾರಿಗೂ ಗೊತ್ತಾಗ್ಲಿಲ್ಲ, ಬೆಳಿಗ್ಗೆ ಬರೋರು ನನಗೆ ಹೇಳಿದ್ರು. ಕೂತು ಮಾತಾಡಿದ್ವಿ. ಸೀನಿಯರ್ ಕೆಟ್ಟವರಲ್ಲ, ಅವರಿಗೂ ಅಡಚಣೆ ಆಗ್ತಿತ್ತು ನಿಜ. ಆವಾಗ ಟೆಸ್ಟಲ್ಲಿ ಅವಳೇ ಮಾಡಿದ್ದ ಮುಚ್ಚಳದ ಉಪಾಯ ಮೇಡಂಗೆ ನೆನಪಾಯ್ತು, ಹಳದಿ ಟ್ರೇ ಅಂತ ಒಂದು ಇಟ್ರು. ಸಂದೇಹ ಇರೋ ಚೀಟಿ ಮತ್ತು ಔಷಧಿ ಅದರಲ್ಲಿ, ಫಾರ್ಮಸಿಸ್ಟ್ ಕೈಯಲ್ಲಿರೋ ಚೆಕ್ ಮುಗಿಸಿ ಅದನ್ನ ತಗೋತಾರೆ, ಅಲ್ಲಿವರೆಗೆ ಅಸಿಸ್ಟೆಂಟ್ ಗಿರಾಕಿಗೆ "ಒಂದ್ನಿಮಿಷ ಕೂತ್ಕೊಳಿ, ಫಾರ್ಮಸಿಸ್ಟ್ ನೋಡಿ ಕೊಡ್ತಾರೆ" ಅಂತಾರೆ. ಪ್ರಶ್ನೆ ನಿಲ್ಲಲ್ಲ, ಅಡಚಣೆ ನಿಲ್ಲುತ್ತೆ. ಜೊತೆಗೆ ಒಂದು ನೋಟ್‌ಬುಕ್, ತಪ್ಪು ಆಗೋ ಹಾಗಿದ್ದು ಕೊನೇಲಿ ಸಿಕ್ಕಿಬಿದ್ದಿದ್ದೆಲ್ಲ ಅದರಲ್ಲಿ, ಯಾರದ್ದು ಅಂತ ಹೆಸರಿಲ್ಲದೆ. ಅದರಲ್ಲಿ ಮೊದಲ ಎಂಟ್ರಿ ಮೇಡಂ ತಾವೇ ತಮ್ಮದನ್ನ ಬರೆದ್ರು, ಹಾಗಾಗಿ ಉಳಿದವರೂ ಬರೆದ್ರು.

ಏನಾಯ್ತು ಆಮೇಲೆ

ಕೆಂಪು ಸ್ಟಿಕರ್ ವಿಷಯ ಹೇಳ್ತೀನಿ ಅಂದಿದ್ದೆ. ಹುಡುಗಿ ರ‍್ಯಾಕಿಂದ ತೆಗೆಯೋಕೆ ಶುರು ಮಾಡಿ ಸ್ವಲ್ಪ ದಿನಕ್ಕೆ ಒಂದು ಚೀಟಿ ಬಂತು, ಮೆಥೊಟ್ರೆಕ್ಸೇಟ್, ಕೀಲು ನೋವಿನ ಕಾಯಿಲೆಗೆ, ದಿನಕ್ಕೊಂದು ಅಂತ ಬರೆದಿತ್ತು. ಈ ಔಷಧಿನ ಕೀಲುವಾತಕ್ಕೆ ಕೊಡೋದು ವಾರಕ್ಕೆ ಒಂದೇ ಸಲ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ಈ ತಪ್ಪಿಂದ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಅವಳಿಗೆ ಇದ್ಯಾವುದೂ ಗೊತ್ತಿರ್ಲಿಲ್ಲ. ಡಬ್ಬಿ ಮೇಲೆ ಕೆಂಪು ಸ್ಟಿಕರ್ ಇತ್ತು, ಬಿಲ್ ಮಾಡದೆ ಹಳದಿ ಟ್ರೇಗೆ ಹಾಕಿದ್ಳು, ಕ್ಯೂ ಬಾಗಿಲವರೆಗೆ ಇತ್ತು, ಹಿಂದಿನವರು ಗೊಣಗ್ತಿದ್ರು, ಆದ್ರೂ ಹಾಕಿದ್ಳು. ಸೀನಿಯರ್ ನೋಡಿದ್ರು, ಕ್ಲಿನಿಕ್‌ಗೆ ಫೋನ್ ಮಾಡಿದ್ರು, ವಾರಕ್ಕೊಂದು ಅಂತ ತಿದ್ದಿ ಹೊಸ ಚೀಟಿ ಬಂತು. ಅವತ್ತು ರಾತ್ರಿ ಅವರೇ ಮೇಡಂಗೆ ಫೋನ್ ಮಾಡಿ ಹೇಳಿದ್ದು, ನನ್ನ ಹತ್ರ ಅವರು ಆ ವಿಷಯ ಎತ್ತಲಿಲ್ಲ, ಆದ್ರೆ ಅದಾದ್ಮೇಲೆ ಹಳದಿ ಟ್ರೇ ಬಗ್ಗೆ ಅವರಿಂದ ಒಂದು ದೂರೂ ಬರ್ಲಿಲ್ಲ.

ಎಲ್ಲವೂ ಹೀಗೇ ಚೆನ್ನಾಗಿ ಆಯ್ತು ಅಂತೇನಿಲ್ಲ. ವಿದ್ಯಾರ್ಥಿ ಪರೀಕ್ಷೆ ಬಂದಾಗ ಬರೋದು ಬಿಟ್ಟ, ನಾವು ಅಂದ್ಕೊಂಡಿದ್ದಕ್ಕಿಂತ ಬೇಗ, ಮತ್ತೆ ಸಂಜೆ ಒಂದು ಕೈ ಕಡಿಮೆ ಆಯ್ತು. ಮುಚ್ಚೋ ಟೈಮಿನ ನಿಯಮ ಹಬ್ಬದ ಹಿಂದಿನ ದಿನಗಳಲ್ಲಿ ಮುರಿದುಬೀಳ್ತಾ ಇದೆ, ಹೆಚ್ಚಿನ ಹೊತ್ತಿನ ದುಡ್ಡು ಮಾತ್ರ ತಪ್ಪದೆ ಹೋಗ್ತಿದೆ. ಮೊದಲಿಂದ ಇದ್ದ ಅಸಿಸ್ಟೆಂಟ್ ಹುಡುಗನಿಗೆ ಹೊಸಬರಿಗೂ ತನಗೂ ಸಂಬಳದಲ್ಲಿ ಅಂಥ ವ್ಯತ್ಯಾಸ ಇಲ್ಲ ಅಂತ ಬೇಜಾರಾಗಿತ್ತು, ನ್ಯಾಯವಾದ ಬೇಜಾರು, ಇದನ್ನ ಜಾಹೀರಾತಲ್ಲಿ ಸಂಬಳ ಹಾಕೋ ದಿನವೇ ಸರಿ ಮಾಡಬೇಕಿತ್ತು ಅಂತ ಮೇಡಂ ಒಪ್ಪಿ ಅವನದ್ದು ಜಾಸ್ತಿ ಮಾಡಿದ್ರು. ಬೆಳಿಗ್ಗೆ ಬರೋರು ಈಗ ಸ್ಟಾಕ್ ಪೂರ್ತಿ ತಾವೇ ನೋಡ್ಕೊಳ್ತಾರೆ, ಎಕ್ಸ್‌ಪೈರಿ ಹತ್ರ ಬಂದಿದ್ದನ್ನ ಮೊದಲೇ ಪಟ್ಟಿ ಮಾಡಿ ಸಪ್ಲೈಯರ್‌ಗೆ ವಾಪಸ್ ಕಳಿಸ್ತಾರೆ, ಮೊದಲು ಅದೆಲ್ಲ ಕಸಕ್ಕೆ ಹೋಗ್ತಿತ್ತು.

ಸಂಜೆ ಶಿಫ್ಟಿಗೆ ಈಗ ಮತ್ತೆ ಒಬ್ಬರನ್ನ ತಗೋತಿದಾರೆ. ಅದೇ ಕ್ರೇಟು, ಅದೇ ಪವರ್ ಇಲ್ಲದ ಚೀಟಿ, ಅದೇ ಪ್ರಶ್ನೆಗಳು. ಎರಡು ಬದಲಾವಣೆ ಇದೆ. ವಿದ್ಯಾರ್ಥಿ ಆದ್ರೆ ಪರೀಕ್ಷೆ ಯಾವಾಗ ಅಂತ ಮೊದಲೇ ಕೇಳಿ, ಆ ವಾರಗಳಿಗೆ ಬದಲಿ ಯಾರು ಅಂತ ಬರೆದಿಟ್ಟುಕೊಂಡೇ ತಗೊಳ್ಳೋದು. ಮತ್ತೆ ಟೆಸ್ಟ್ ನೋಡೋಕೆ ಈ ಸಲ ಮೇಡಂ ಜೊತೆ ಕೂರ್ತಿರೋದು ಬೆಳಿಗ್ಗೆ ಶಿಫ್ಟಿನವರು, ಯಾಕಂದ್ರೆ ಹೊಸಬರಿಗೆ ಸ್ಟಾಕ್ ಕಲಿಸೋದು ಅವರೇ.